ಚಾಲ್ತಿ ಕಡತಕ್ಕೆ ಹೊಸ ನಿಯಮ: ದತ್ತಾಂಶ ಕೇಂದ್ರಿತ ಕಾರ್ಯವಿಧಾನಗಳ ನಡುದಾರಿ ಮಾರ್ಪಾಡು

ಹುಣಸೂರು ಉಪವಿಭಾಗದ ಯಾವ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ನಿಂತರೂ ಕೇಳಿಬರುವ ಪ್ರಶ್ನೆ ಒಂದೇ: ‘ನಮ್ಮ ಖಾತೆ ಎಲ್ಲಿಗೆ ಬಂತು ಸಾರ್?’ ಕೊಪ್ಪದ ಕಡೆಯಿಂದ ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಬಂದ ರೈತನಿಗೆ ಸಿಗುವ ಉತ್ತರಗಳೂ ಹೆಚ್ಚುಕಡಿಮೆ ಗೊತ್ತಿರುವವೇ. ಆರ್‌ಐ ಹತ್ತಿರ ಇದೆ, ಶಿರಸ್ತೇದಾರರ ಲಾಗಿನ್‌ನಲ್ಲಿದೆ, ನೋಟಿಸ್ ಅವಧಿ ಇನ್ನೂ ಮುಗಿದಿಲ್ಲ. ಮೊದಲೆರಡು ಉತ್ತರಗಳು ಕೆಲಸವನ್ನು ಮೇಜುಗಳ ಸಾಲಾಗಿ ಕಾಣುತ್ತವೆ. ಮೂರನೆಯದು ಕಡತದ ಒಳಗೆ ಇಣುಕುತ್ತದೆ. ನೋಟಿಸ್ ಜಾರಿಯಾದ ದಿನಾಂಕ ದಾಖಲಾಗಿದೆಯೇ, ಆಕ್ಷೇಪಣೆ ಬಂದಿದೆಯೇ, ನಕ್ಷೆ ಲಗತ್ತಾಗಿದೆಯೇ ಎಂದು ಕೇಳುತ್ತದೆ. ಕಡತ ಮುಂದಕ್ಕೆ ಹೋಗುವುದೋ ನಿಲ್ಲುವುದೋ ಎಂಬುದನ್ನು ಹೀಗೆ ಅದರೊಳಗಿನ ಮಾಹಿತಿಯೇ ನಿರ್ಧರಿಸುವ ಏರ್ಪಾಡಿಗೆ ದತ್ತಾಂಶ ಕೇಂದ್ರಿತ ಕಾರ್ಯವಿಧಾನ ಎಂದು ಹೆಸರು. ಅಂಥ ಏರ್ಪಾಡು ನಡೆಯುತ್ತಿರುವಾಗಲೇ, ಸಾವಿರಾರು ಕಡತಗಳು ಅರ್ಧ ದಾರಿಯಲ್ಲಿರುವಾಗಲೇ, ಅದರ ನಿಯಮಗಳನ್ನು ಬದಲಿಸುವುದು ಹೇಗೆ? ಗಣಕ ವಿಜ್ಞಾನಿಗಳು ಮೂರು ದಶಕಗಳಿಂದ ಈ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಕಂದಾಯ ಇಲಾಖೆಗೆ ಅದು ದಿನನಿತ್ಯದ ಕಷ್ಟ.

ಕಾರ್ಯವಿಧಾನಗಳನ್ನು ಗಣಕಕ್ಕೆ ಏರಿಸಿದ ಮೊದಲ ತಲೆಮಾರು ಮೇಜುಗಳ ಸಾಲನ್ನೇ ನಂಬಿತ್ತು. ಮೊದಲು ಈ ಕೆಲಸ, ಆಮೇಲೆ ಆ ಕೆಲಸ, ನಡುವೆ ಕವಲೊಡೆದರೆ ಎರಡು ದಾರಿ ಎಂದು ಬಾಣದ ಗುರುತಿನ ನಕ್ಷೆ ಬರೆದರೆ ಮುಗಿಯಿತು ಎಂಬ ಧೋರಣೆ. 2011ರಲ್ಲಿ ಬಂದ ಬಿಪಿಎಂಎನ್ 2.0 ಎಂಬ ಅಂತರರಾಷ್ಟ್ರೀಯ ಚಿತ್ರಲಿಪಿ ಈ ಪರಂಪರೆಯದೇ. ಆದರೆ ವಿಮೆ, ಆಸ್ಪತ್ರೆ, ಭೂದಾಖಲೆಯಂಥ ಕಡೆ ಕೆಲಸಗಳು ಬಾಣದ ಮಾತು ಕೇಳುವುದಿಲ್ಲ. 2003ರಲ್ಲಿ ಐಬಿಎಂನ ಅನಿಲ್ ನಿಗಮ್ ಮತ್ತು ನೇಥನ್ ಕ್ಯಾಸ್ವೆಲ್ ಪ್ರಕಟಿಸಿದ ಪ್ರಬಂಧ ಈ ನೋಟವನ್ನು ತಿರುಗಿಸಿತು. ವ್ಯವಹಾರದ ಕೇಂದ್ರದಲ್ಲಿರುವ ಒಂದು ದಾಖಲೆಯನ್ನು, ಆದೇಶವೋ ಕ್ಲೇಮೋ ಅರ್ಜಿಯೋ ಏನೇ ಇರಲಿ, ಹಿಡಿದು ಅದರ ಹುಟ್ಟಿನಿಂದ ಮುಕ್ತಾಯದವರೆಗಿನ ಬಾಳನ್ನು ಬರೆಯಬೇಕು. ಕೆಲಸಗಳು ಅದಕ್ಕೆ ಹೊಂದಿಕೊಂಡು ಬರುತ್ತವೆ ಎಂಬುದು ಅವರ ವಾದ. 2005ರಲ್ಲಿ ವಿಲ್ ವಾನ್ ಡೆರ್ ಆಲ್ಸ್ಟ್ ಮತ್ತು ಸಂಗಡಿಗರು ಇಡೀ ಪ್ರಕರಣವನ್ನೇ ಒಂದು ಘಟಕವಾಗಿ ನಡೆಸುವ ವಿಧಾನವನ್ನು ಮಂಡಿಸಿದರು. ರಿಚರ್ಡ್ ಹಲ್ ಅವರ ತಂಡ ನಿಗಮ್ ಮತ್ತು ಕ್ಯಾಸ್ವೆಲ್ ಅವರ ವಾದವನ್ನು ಕಾವಲು, ಹಂತ, ಮೈಲಿಗಲ್ಲು ಎಂಬ ಮೂರು ಅಂಗಗಳ ಮಾದರಿಗೆ ತಂದಿತು. ಅದರ ನೆರಳು 2014ರ ಸಿಎಂಎಂಎನ್ ಎಂಬ ಮಾನದಂಡದಲ್ಲಿ ಕಾಣುತ್ತದೆ.

ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಈ ಪ್ರಬಂಧಗಳನ್ನು ಕಾಯುತ್ತ ಕುಳಿತಿರಲಿಲ್ಲ. ನಿಗಮ್ ಮತ್ತು ಕ್ಯಾಸ್ವೆಲ್ ಬರೆಯುವ ಹೊತ್ತಿಗೆ, ಸುಮಾರು 2 ಕೋಟಿ ಪಹಣಿಗಳು ಮತ್ತು 67 ಲಕ್ಷ ಹಿಡುವಳಿದಾರರ ವಿವರಗಳು ತಾಲ್ಲೂಕು ಕಚೇರಿಗಳ ಗಣಕಗಳಲ್ಲಿದ್ದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಯೋಜನೆಯ ಮುಂದಾಳು, ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ದಾಖಲೆ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಸಿಗುವಂತಾಯಿತು.

ಪಹಣಿಯ ಮುದ್ರಿತ ಪ್ರತಿ ಎಲ್ಲರಿಗೂ ಕಂಡ ಸಾಧನೆ. ಈ ಲೇಖನಕ್ಕೆ ಬೇಕಾದದ್ದು ಅದರ ಹಿಂದಿನ ಮ್ಯುಟೇಶನ್. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮತ್ತು ಋಣಭಾರ. ಇವುಗಳಲ್ಲಿ ಯಾವುದು ಬದಲಾಗಬೇಕಾದರೂ ಒಂದು ಮ್ಯುಟೇಶನ್ ಹುಟ್ಟಬೇಕು. ಅದಕ್ಕೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 128 ಮತ್ತು 129ನೇ ಕಲಂಗಳ ಆಧಾರ. ಕ್ರಯವೋ ದಾನವೋ ವಿಭಾಗವೋ ಪೌತಿಯೋ, ಬಗೆ ಯಾವುದೇ ಇರಲಿ, ಕಡತಕ್ಕೆ ಒಂದು ಸಂಖ್ಯೆ ಬೀಳುತ್ತದೆ, ನೋಟಿಸ್ ಹೊರಡುತ್ತದೆ, ಆಕ್ಷೇಪಣೆಗೆ ಕಾಲಾವಕಾಶ ಸಿಗುತ್ತದೆ. ತಕರಾರಿಲ್ಲದಿದ್ದರೆ ಆರ್‌ಐ ಆದೇಶ ಮಾಡುತ್ತಾರೆ, ಶಿರಸ್ತೇದಾರರ ಅನುಮೋದನೆಯಾದ ಮೇಲೆ ಪಹಣಿ ತಾನಾಗಿ ಬದಲಾಗುತ್ತದೆ. ತಕರಾರಿದ್ದರೆ ಕಡತ ಮೇಲಿನವರ ಬಳಿಗೆ ತಿರುಗುತ್ತದೆ. ಅಲ್ಲಿನ ಆದೇಶ ಒಪ್ಪದವರು 136ನೇ ಕಲಂನಡಿ ಹುಣಸೂರಿನ ಉಪವಿಭಾಗಾಧಿಕಾರಿ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಯಾವ ಕಡತ ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಬರೆದಿಟ್ಟಿಲ್ಲ. ಒಳಗೆ ತುಂಬಿದ ಮಾಹಿತಿ ನೋಡಿದರಷ್ಟೇ ತಿಳಿಯುತ್ತದೆ.

ಇಂಥ ಕಡತ ಓಡುತ್ತಿರುವಾಗ ನಿಯಮ ಬದಲಾದರೆ ಏನಾಗುತ್ತದೆ ಎಂಬುದನ್ನು 1995ರಲ್ಲಿ ಕ್ಲಾರೆನ್ಸ್ ಎಲಿಸ್, ಕರೀಂ ಕೆದ್ದಾರ ಮತ್ತು ಗ್ರ್ಜೆಗೊಶ್ ರೋಜೆನ್‌ಬರ್ಗ್ ಗಣಿತದ ಭಾಷೆಯಲ್ಲಿ ತೋರಿಸಿದರು. ಅವರು ಎತ್ತಿದ ತೊಡಕನ್ನು ನಮ್ಮ ಕಚೇರಿಗೆ ತಂದು ನೋಡಬಹುದು. ನೋಟಿಸ್ ಮತ್ತು ಸ್ಥಳ ತನಿಖೆ ಎರಡೂ ಒಟ್ಟೊಟ್ಟಿಗೆ ನಡೆಯಬಹುದು ಎಂದು ಹಳೆಯ ನಿಯಮ ಇದೆ ಎಂದುಕೊಳ್ಳಿ. ಹೊಸ ನಿಯಮದಲ್ಲಿ ಮೊದಲು ನೋಟಿಸ್, ಆಮೇಲೆ ತನಿಖೆ. ತನಿಖೆ ಮುಗಿದು ನೋಟಿಸ್ ಬಾಕಿ ಇರುವ ಒಂದು ಕಡತವನ್ನು ಕಣ್ಣುಮುಚ್ಚಿ ಹೊಸ ಸಾಲಿಗೆ ದಾಟಿಸಿದರೆ, ‘ತನಿಖೆ ಆಗಿದೆಯಲ್ಲ, ಮುಂದಕ್ಕೆ ಹೋಗು’ ಎಂದು ಯಂತ್ರ ಅದನ್ನು ಆದೇಶದ ಮೇಜಿಗೆ ತಳ್ಳಬಹುದು. ನೋಟಿಸ್ ಯಾರಿಗೂ ಮುಟ್ಟಿರುವುದಿಲ್ಲ. ಹಳೆಯ ನಿಯಮದಲ್ಲಿ ತಪ್ಪಿಲ್ಲ, ಹೊಸದರಲ್ಲೂ ತಪ್ಪಿಲ್ಲ. ತಪ್ಪು ಹುಟ್ಟಿದ್ದು ದಾಟುವ ಜಾಗದಲ್ಲಿ.

ಮುಂದಿನ ಹತ್ತು ವರ್ಷಗಳ ಸಂಶೋಧನೆ ಹೆಚ್ಚಾಗಿ ಈ ದಾಟುವಿಕೆಯ ಸುತ್ತಲೇ ನಡೆಯಿತು. ಇಟಲಿಯ ಫಾಬಿಯೊ ಕಸಾಟಿ ಮತ್ತು ಸಂಗಡಿಗರು, ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದ ಪೀಟರ್ ದಾದಂ ಮತ್ತು ಮಾನ್ಫ್ರೆಡ್ ರೈಶರ್ಟ್ ಇದರ ಮುಖ್ಯ ಹೆಸರುಗಳು. ಉಲ್ಮ್ ತಂಡದ ಅಡೆಪ್ಟ್ ವ್ಯವಸ್ಥೆಯ ಮೂಲ ತತ್ವ ಸರಳ: ಒಂದು ಕಡತ ಈವರೆಗೆ ನಡೆದು ಬಂದ ಹೆಜ್ಜೆಗಳನ್ನು ಹೊಸ ನಿಯಮದಡಿ ಮತ್ತೆ ನಡೆಸಿ ನೋಡು, ನಡೆಸಲು ಸಾಧ್ಯವಿದ್ದರೆ ದಾಟಿಸು, ಇಲ್ಲದಿದ್ದರೆ ಹಳೆಯ ನಿಯಮದಲ್ಲೇ ಮುಗಿಯಲಿ.

ಒಟ್ಟಿನಲ್ಲಿ ನಿಯಮ ಬದಲಾದಾಗ ಚಾಲ್ತಿ ಕಡತಗಳ ಮುಂದೆ ಮೂರು ದಾರಿ. ಹಳೆಯದರಲ್ಲೇ ಮುಗಿಯುವುದು, ರದ್ದಾಗುವುದು, ಹೊಸದಕ್ಕೆ ದಾಟುವುದು. ಪುಸ್ತಕದಲ್ಲಿ ಇವು ತಾಂತ್ರಿಕ ಆಯ್ಕೆಗಳಂತೆ ಕಾಣುತ್ತವೆ. ಕರ್ನಾಟಕದ ಉದಾಹರಣೆಗಳನ್ನು ಪಕ್ಕದಲ್ಲಿಟ್ಟರೆ ಪ್ರತಿಯೊಂದರ ಹಿಂದೆಯೂ ಯಾರಿಗೋ ಲಾಭ, ಯಾರಿಗೋ ನಷ್ಟ ಇರುವುದು ಕಾಣುತ್ತದೆ.

ರದ್ದಾಗುವುದಕ್ಕೆ ದೊಡ್ಡ ಉದಾಹರಣೆ 2020ರ ಭೂಸುಧಾರಣಾ ತಿದ್ದುಪಡಿ. ಕೃಷಿಯೇತರ ಆದಾಯ ಮಿತಿ ಮೀರಿದವರು ಮತ್ತು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು ಸರ್ಕಾರ ತೆಗೆದುಹಾಕಿತು. ಅಷ್ಟೇ ಅಲ್ಲ, 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲ ಎಂದು ಭಾವಿಸಬೇಕೆಂದಿತು. ಉಪವಿಭಾಗಾಧಿಕಾರಿಗಳ ಮುಂದೆ ಬಾಕಿ ಇದ್ದ ಪ್ರಕರಣಗಳು ಒಂದೇ ಏಟಿಗೆ ಇಲ್ಲವಾದವು. ರೈತ ಸಂಘಟನೆಗಳು ಬೀದಿಗಿಳಿದದ್ದು ಈ ಕಾನೂನಿನ ತಿರುಳನ್ನು ವಿರೋಧಿಸಿ. ಕಾರ್ಯವಿಧಾನದ ಕಣ್ಣಿನಿಂದ ನೋಡಿದರೂ ಇದು ಅಪರೂಪದ ಘಟನೆ. ಇಲ್ಲಿ ನಿಯಮ ಬದಲಾದದ್ದು ಕಡತದ ಮುಂದಿನ ದಾರಿಗೆ ಮಾತ್ರವಲ್ಲ, ನಡೆದು ಬಂದ ದಾರಿಗೂ. ಸಂಶೋಧಕರ ತಂತ್ರಾಂಶಗಳು ಬಹುಮಟ್ಟಿಗೆ ಭವಿಷ್ಯವನ್ನೇ ಬದಲಿಸುತ್ತವೆ. ಶಾಸನಸಭೆಗೆ ಗತವನ್ನೂ ತಿದ್ದುವ ಅಧಿಕಾರವಿದೆ.

ದಾಟುವುದರ ಉದಾಹರಣೆಗೆ ಆಕ್ಷೇಪಣೆಯ ಅವಧಿ ಸಾಕು. ದಶಕಗಳ ಕಾಲ ಅದು 30 ದಿನ. 2023ರಲ್ಲಿ ಕಂದಾಯ ಇಲಾಖೆ ನೋಂದಾಯಿತ ಪತ್ರಗಳಿಂದ ಬರುವ ಮ್ಯುಟೇಶನ್‌ಗೆ ಅದನ್ನು 7 ದಿನಕ್ಕೆ ಇಳಿಸಿತು. ಇಂಥ ಬದಲಾವಣೆ ಬಾಣದ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಮೇಜುಗಳು ಅವೇ, ಕ್ರಮ ಅದೇ. ಒಂದು ಅಂಕಿ ಮಾತ್ರ ಬೇರೆ. ಆದರೆ ಬದಲಾವಣೆಯ ದಿನ 10 ದಿನ ಪೂರೈಸಿದ್ದ ಕಡತವನ್ನು ಏನು ಮಾಡಬೇಕು? ಹೊಸ ಲೆಕ್ಕದಲ್ಲಿ ಅವಧಿ ಮುಗಿದಿದೆ. ಆದರೆ ಮನೆಗೆ ತಲುಪಿದ ನೋಟಿಸ್‌ನಲ್ಲಿ 30 ದಿನ ಎಂದೇ ಅಚ್ಚಾಗಿದೆ, ಅದನ್ನು ನಂಬಿದ ಅಣ್ಣನೋ ತಂಗಿಯೋ ಇಪ್ಪತ್ತನೆಯ ದಿನ ತಕರಾರು ಅರ್ಜಿ ಹಿಡಿದು ಬರಬಹುದು. ಕಡತದೊಳಗೆ ‘ಈ ನೋಟಿಸ್ ಯಾವ ನಿಯಮದಡಿ ಹೊರಟಿತು’ ಎಂಬ ಮಾಹಿತಿಯೂ ಇದ್ದರೆ ಮಾತ್ರ ನ್ಯಾಯವಾಗಿ ದಾಟಿಸಬಹುದು. ದಿನಾಂಕ ಒಂದರಿಂದಲೇ ತೀರ್ಮಾನಿಸುವ ತಂತ್ರಾಂಶ ಇಲ್ಲಿ ಎಡವುತ್ತದೆ.

ರಸ್ತೆಯಲ್ಲಿ ಅಕ್ಷರಶಃ ಓಡುತ್ತಿರುವ ಕಡತವೂ ಒಂದಿದೆ. ಜಿಎಸ್‌ಟಿ ಬಂದ ಮೇಲೆ ಇ-ವೇ ಬಿಲ್ ಅನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ, 2017ರ ಸೆಪ್ಟೆಂಬರ್‌ನಲ್ಲಿ. ದೇಶಕ್ಕೆಲ್ಲ ಅದು ವಿಸ್ತರಿಸಿದ್ದು 2018ರ ಏಪ್ರಿಲ್ 1ರಂದು. ಬಿಲ್ಲಿನ ಎ ಭಾಗದಲ್ಲಿ ಸರಕಿನ ವಿವರ, ಬಿ ಭಾಗದಲ್ಲಿ ವಾಹನದ ಸಂಖ್ಯೆ. ದಾರಿಯಲ್ಲಿ ಲಾರಿ ಕೆಟ್ಟು ಸರಕನ್ನು ಇನ್ನೊಂದಕ್ಕೆ ತುಂಬಿದರೆ ಬಿ ಭಾಗ ಬದಲಿಸಿದರಾಯಿತು, ಎ ಭಾಗ ಮುಟ್ಟುವಂತಿಲ್ಲ. ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ನಂತರದ 8 ಗಂಟೆಯೊಳಗೆ ವಿಸ್ತರಣೆ ಕೇಳಬಹುದು. ನಡುದಾರಿಯಲ್ಲಿ ಯಾವ ಮಾಹಿತಿ ಬದಲಾಗಬಹುದು, ಯಾವುದು ಕೂಡದು ಎಂಬ ಗೆರೆಯನ್ನು ಮೊದಲೇ ಎಳೆದಿಟ್ಟ ಒಳ್ಳೆಯ ವಿನ್ಯಾಸ ಇದು. 2020ರ ಲಾಕ್‌ಡೌನ್‌ನಲ್ಲಿ ಇದಕ್ಕೆ ಕಠಿಣ ಪರೀಕ್ಷೆ ಎದುರಾಯಿತು. ದೇಶದ ಹೆದ್ದಾರಿಗಳಲ್ಲಿ ಲಾರಿಗಳು ನಿಂತಲ್ಲೇ ನಿಂತವು, ಬಿಲ್ಲುಗಳ ಅವಧಿ ಮಾತ್ರ ಓಡುತ್ತಲೇ ಇತ್ತು. ಮಾರ್ಚ್ 20 ಮತ್ತು ಏಪ್ರಿಲ್ 15ರ ನಡುವೆ ಅವಧಿ ಮುಗಿಯುವ ಬಿಲ್ಲುಗಳೆಲ್ಲ ಏಪ್ರಿಲ್ 30ರವರೆಗೆ ಊರ್ಜಿತ ಎಂದು ಅಧಿಸೂಚನೆ ಬಂತು. ಆ ಗಡುವು ಮುಂದೆ ಮೇ, ಜೂನ್ ಕೊನೆಗೂ ಹೋಯಿತು. ಯಾವ ಲಾರಿ ಎಲ್ಲಿ ನಿಂತಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ದಾಖಲೆಯಲ್ಲಿದ್ದ ಒಂದು ದಿನಾಂಕವನ್ನು ಹಿಡಿದೇ ಬಿಲ್ಲುಗಳನ್ನು ಒಟ್ಟಾಗಿ ಬದಲಿಸಿದರು. ದತ್ತಾಂಶ ಕೇಂದ್ರಿತ ವಿಧಾನದ ಬಲ ಇದಕ್ಕಿಂತ ಚೆನ್ನಾಗಿ ಕಾಣುವ ಸಂದರ್ಭ ಅಪರೂಪ.

ಇನ್ನು ಹೊಗೆಸೊಪ್ಪಿನ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಕಾರ್ಯವಿಧಾನದ ಬಗ್ಗೆ ಬರೆದು ತಂಬಾಕನ್ನು ಬಿಟ್ಟರೆ ಓದುಗರು ನಕ್ಕಾರು. 1975ರ ಕಾಯ್ದೆಯಡಿ ಹುಟ್ಟಿದ, ಗುಂಟೂರಿನಲ್ಲಿ ಕೇಂದ್ರ ಕಚೇರಿ ಇರುವ ತಂಬಾಕು ಮಂಡಳಿ ಪ್ರತಿ ವರ್ಷ ರಾಜ್ಯಕ್ಕೆ ಇಷ್ಟು ಬೆಳೆ ಎಂದು ನಿಗದಿ ಮಾಡುತ್ತದೆ. ಕರ್ನಾಟಕಕ್ಕೆ ಇತ್ತೀಚಿನ ಹಲವು ವರ್ಷಗಳಲ್ಲಿ ಅದು 10 ಕೋಟಿ ಕೆ.ಜಿ.ಯ ಆಸುಪಾಸು. ಅದನ್ನು ನೋಂದಾಯಿತ ಬೆಳೆಗಾರರಿಗೆ ಬ್ಯಾರನ್ ಲೆಕ್ಕದಲ್ಲಿ ಹಂಚುತ್ತಾರೆ. ಮೇ ತಿಂಗಳಲ್ಲಿ ನಾಟಿ, ಮಳೆಗಾಲದಲ್ಲಿ ಎಲೆ ಮುರಿದು ಬ್ಯಾರನ್‌ನಲ್ಲಿ ಬೇಯಿಸುವುದು, ಸೆಪ್ಟೆಂಬರ್ ಹೊತ್ತಿಗೆ ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳಿಗೆ ಬೇಲ್‌ಗಳು ಬರತೊಡಗುತ್ತವೆ. ಹರಾಜು ಮುಂದಿನ ವರ್ಷದ ಆರಂಭದವರೆಗೂ ಎಳೆಯುತ್ತದೆ.

ಇಲ್ಲಿ ಒಂದಲ್ಲ, ಮೂರು ಬಗೆಯ ಕಡತಗಳು ಒಟ್ಟಿಗೆ ಬಾಳುತ್ತವೆ. ಬೇಲ್‌ಗೆ ತನ್ನದೇ ಬಾಳು: ತೂಕ, ದರ್ಜೆ, ಬಿಡ್, ಮಾರಾಟ, ಬಿಡ್ ಬಾರದಿದ್ದರೆ ವಾಪಸ್. ಬೆಳೆಗಾರನಿಗೆ ಒಂದು ಬಾಳು: ನೋಂದಣಿ, ಅನುಮತಿಸಿದ ಪ್ರಮಾಣ, ಈವರೆಗೆ ಮಾರಿದ ಒಟ್ಟು. ಇವೆರಡರ ಮೇಲೆ ಇಡೀ ಹಂಗಾಮಿನ ಬಾಳು. ಒಂದು ಬೇಲ್ ಮಾರಾಟವಾಗಬಹುದೇ ಎಂಬುದು ಬೇಲ್ ಒಂದನ್ನೇ ನೋಡಿದರೆ ತಿಳಿಯದು. ಅದನ್ನು ತಂದವನ ಕೋಟಾ ಎಷ್ಟು ಉಳಿದಿದೆ ಎಂದು ನೋಡಬೇಕು. ಉಲ್ಮ್‌ನ ರೈಶರ್ಟ್ ಅವರ ಬಳಗ ವೆರಾ ಕ್ಯುಂಜ್ಲೆ ಅವರೊಂದಿಗೆ 2010ರ ಸುಮಾರಿಗೆ ಆರಂಭಿಸಿದ ಫಿಲ್‌ಹಾರ್ಮೊನಿಕ್‌ಫ್ಲೋಸ್ ಎಂಬ ಯೋಜನೆ ಸರಿಯಾಗಿ ಇಂಥ ಜಾಲವನ್ನೇ ಗುರಿಯಾಗಿಟ್ಟುಕೊಂಡದ್ದು. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ಜೀವನಕ್ರಮ. ಅಗತ್ಯವಾದ ಮಾಹಿತಿ ತುಂಬಿದೊಡನೆ ಅದು ಮುಂದಿನ ಸ್ಥಿತಿಗೆ ಏರುತ್ತದೆ. ಒಂದರ ಸ್ಥಿತಿ ಇನ್ನೊಂದನ್ನು ತಡೆಯುವುದನ್ನೋ ಬಿಡುವುದನ್ನೋ ನೋಡಿಕೊಳ್ಳಲು ಪ್ರತ್ಯೇಕ ಸಮನ್ವಯದ ಪದರವಿದೆ. ನಂತರದ ವರ್ಷಗಳಲ್ಲಿ ಕೆವಿನ್ ಆಂಡ್ರ್ಯೂಸ್, ಸೆಬಾಸ್ಟಿಯನ್ ಸ್ಟೈನೌ ಈ ಯೋಜನೆಯ ಎಂಜಿನ್ ನಡೆಯುತ್ತಿರುವಾಗಲೇ ಅದರ ಮಾದರಿಯನ್ನು ತಿದ್ದುವ ಕೆಲಸ ಮಾಡಿದರು.

ಹರಾಜು ನಡೆಯುತ್ತಿರುವಾಗ ನಿಯಮ ಬದಲಾಗುವುದು ಈ ಸೀಮೆಗೆ ಹೊಸದಲ್ಲ. ಕೋಟಾ ಮೀರಿದ ತಂಬಾಕು, ನೋಂದಣಿ ಕಾರ್ಡ್ ಇಲ್ಲದವರು ಬೆಳೆದ ತಂಬಾಕು ಮಾರುಕಟ್ಟೆಗೆ ಬರಲು ಕೇಂದ್ರ ವಾಣಿಜ್ಯ ಸಚಿವಾಲಯದ ಅನುಮತಿ ಬೇಕು. ಬೆಳೆಗಾರರ ಒತ್ತಾಯ, ಸಂಸದರ ಓಡಾಟ, ಮನವಿ ಪತ್ರಗಳ ನಂತರ ಕೆಲವು ವರ್ಷ ದಂಡ ಸಮೇತ, ಕೆಲವು ವರ್ಷ ದಂಡದ ರಿಯಾಯಿತಿಯೊಂದಿಗೆ ಅದು ಸಿಗುತ್ತದೆ. ವಿನ್ಯಾಸಕಾರನ ಕಣ್ಣಿಗೆ ಇದು ಚಿಕ್ಕ ತಿದ್ದುಪಡಿ. ಬೇಲ್‌ನ ಬಾಳು ಹಾಗೆಯೇ ಇರುತ್ತದೆ. ಬೆಳೆಗಾರನ ಕಡತದಲ್ಲಿ ಮೇಲ್ಮಿತಿಯ ಒಂದು ಷರತ್ತು ಸಡಿಲವಾಗುತ್ತದೆ, ಪಾವತಿಯ ಲೆಕ್ಕದಲ್ಲಿ ಕಡಿತದ ಒಂದು ಸಾಲು ಸೇರುತ್ತದೆ ಇಲ್ಲವೇ ಹೋಗುತ್ತದೆ. ಬದಲಾವಣೆ ಎಲ್ಲಿ ತಾಗಬೇಕೋ ಅಲ್ಲಷ್ಟೇ ತಾಗುವಂತೆ ಮಾಹಿತಿಯನ್ನು ಬಿಡಿಬಿಡಿಯಾಗಿ ಜೋಡಿಸಿದ್ದರ ಪ್ರಯೋಜನ ಇದು.

ಬೆಳೆಗಾರನಿಗೆ ಮಾತ್ರ ಇದು ಚಿಕ್ಕದಲ್ಲ. ಅನುಮತಿ ಬರುತ್ತದೋ ಇಲ್ಲವೋ ತಿಳಿಯದೆ, ಮಗಳ ಮದುವೆಗೋ ಸಾಲದ ಕಂತಿಗೋ ಹೆಚ್ಚುವರಿ ಸೊಪ್ಪನ್ನು ದಲ್ಲಾಳಿಗೆ ಸಿಕ್ಕ ಬೆಲೆಗೆ ಕೊಟ್ಟವನ ಕಡತ ಮಂಡಳಿಯ ಗಣಕದಲ್ಲಿ ಇಲ್ಲವೇ ಇಲ್ಲ. ನಿಯಮ ಎಷ್ಟೇ ಉದಾರವಾಗಿ ಬದಲಾದರೂ ಅವನಿಗೆ ದಾಟಲು ದಾರಿಯಿಲ್ಲ. ಅದೇ ಊರಿನಲ್ಲಿ ಸೊಪ್ಪನ್ನು ಅಟ್ಟದ ಮೇಲೆ ಕಾಯ್ದಿಟ್ಟುಕೊಂಡ ನೆರೆಯವನಿಗೆ ಪೂರ್ತಿ ಬೆಲೆ. ಇಂಥ ಅನ್ಯಾಯಕ್ಕೆ ತಂತ್ರಾಂಶವನ್ನು ದೂರುವುದು ಸರಿಯಲ್ಲ. ನಿರ್ಧಾರ ತಡವಾದದ್ದು ದೆಹಲಿಯಲ್ಲಿ.

ಈ ವಿಷಯದ ಸಾಹಿತ್ಯ ಓದುವಾಗ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ವ್ಯವಸ್ಥೆ ಬಾಗಬೇಕು, ಪ್ರತಿ ಪ್ರಕರಣಕ್ಕೂ ಹೊಂದಿಕೊಳ್ಳಬೇಕು. ಆಸ್ಪತ್ರೆಗೆ ಈ ಮಾತು ಸರಿ. ರೋಗಿಗೆ ಔಷಧಿ ಒಗ್ಗದಿದ್ದರೆ ಆ ಒಬ್ಬ ರೋಗಿಯ ಚಿಕಿತ್ಸಾಕ್ರಮವನ್ನು ನಡುವೆಯೇ ಬದಲಿಸದೆ ಗತಿಯಿಲ್ಲ. ತಾಲ್ಲೂಕು ಕಚೇರಿಯ ಅನುಭವ ಬೇರೆ. ಅಲ್ಲಿ ಬಾಗುವಿಕೆ ಮೊದಲಿನಿಂದಲೂ ಬೇಕಾದಷ್ಟಿತ್ತು. ಕೈ ಬೆಚ್ಚಗೆ ಮಾಡಿದವರ ಕಡತ ಮೇಲೆ ಬರುತ್ತಿತ್ತು, ಉಳಿದವರದು ರಾಶಿಯ ಅಡಿಗೆ ಸೇರುತ್ತಿತ್ತು. ಭೂಮಿ ಯೋಜನೆ ‘ಮೊದಲು ಬಂದದ್ದು ಮೊದಲು’ ಎಂಬ ಕ್ರಮವನ್ನು ಗಣಕದಲ್ಲೇ ಕಟ್ಟಿಹಾಕಿತು, ಬೆರಳಚ್ಚಿಲ್ಲದೆ ಲಾಗಿನ್ ಆಗದಂತೆ ಮಾಡಿತು. ಅಂದರೆ ಬಾಗದಿರುವುದನ್ನೇ ಗುಣವಾಗಿ ಆರಿಸಿಕೊಂಡಿತು. ಒಂದೊಂದು ಕಡತವನ್ನು ಬೇರೆಬೇರೆಯಾಗಿ ತಿದ್ದುವ ಸೌಲಭ್ಯ ಮತ್ತು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಉಪಕಾರ ಮಾಡುವ ಸೌಲಭ್ಯ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಹಾಗಾಗಿ ಸರ್ಕಾರಿ ಕೆಲಸದಲ್ಲಿ ‘ಇಂಥ ಮಾಹಿತಿ ಇರುವ ಎಲ್ಲ ಕಡತಗಳಿಗೂ ಅನ್ವಯ’ ಎಂಬ ಇ-ವೇ ಬಿಲ್ ಮಾದರಿಯ ಸಾಮೂಹಿಕ ಬದಲಾವಣೆಯೇ ಲೇಸು. ಆದರೆ ಬಿಗಿಯಾದ ಕ್ರಮವೂ ನ್ಯಾಯವನ್ನು ತಾನಾಗಿ ತರುವುದಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ, ಭೂಮಿ ಯೋಜನೆಯಿಂದ ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಸರಿಯಿತು, ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರದವರಿಗೆ ಅನುಕೂಲವಾಯಿತು ಎಂದು ವಾದಿಸಿತು.

ಬದಲಾವಣೆ ಕಾನೂನಿನಿಂದಲೇ ಬರಬೇಕೆಂದಿಲ್ಲ, ಭೂಪಟದಿಂದಲೂ ಬರುತ್ತದೆ. ಎಚ್.ಡಿ. ಕೋಟೆಯಿಂದ ಸರಗೂರು ಪ್ರತ್ಯೇಕ ತಾಲ್ಲೂಕಾಗುವ ಘೋಷಣೆ 2017ರ ಬಜೆಟ್‌ನಲ್ಲಿ ಬಂತು, ಬಳಿಕ ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾಯಿತು. ಭೂದಾಖಲೆಯಲ್ಲಿ ಪ್ರತಿ ಜಮೀನನ್ನು ಗುರುತಿಸುವುದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಏಣಿಯಿಂದ. ತಾಲ್ಲೂಕಿನ ಮೆಟ್ಟಿಲು ಬದಲಾದರೆ ಜಮೀನು ಅಲುಗದೆಯೂ ಅದರ ವಿಳಾಸ ಬದಲಾಗುತ್ತದೆ. ನೋಟಿಸ್ ಕಾಯುತ್ತಿರುವ ಕಡತ ಯಾವ ತಹಶೀಲ್ದಾರರದು, ಮೇಲ್ಮನವಿಯಲ್ಲಿರುವುದಕ್ಕೆ ಯಾವ ಕಚೇರಿಯ ದಾಖಲೆ ತರಿಸಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಕಾರ್ಯವಿಧಾನ ಕಿಂಚಿತ್ತೂ ಬದಲಾಗದೆ ಅದರ ಕೆಳಗಿನ ದತ್ತಾಂಶದ ನೆಲವೇ ಸರಿಯುವ ಈ ಸ್ಥಿತಿಯ ಬಗ್ಗೆ ಸಂಶೋಧನಾ ಸಾಹಿತ್ಯ ಇರಬೇಕಾದಷ್ಟು ಗಮನ ಕೊಟ್ಟಿಲ್ಲ.

ಹೊಸ ಪದರವನ್ನು ಹಳೆಯದರ ಮೇಲೆ ಹೊದಿಸುವುದು ಇನ್ನೊಂದು ಉಪಾಯ. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಯಾದ ಸಕಾಲ ಹಾಗೆಯೇ ಬಂತು. ಇಲಾಖೆಗಳ ಒಳಗಿನ ಹಂತಗಳನ್ನು ಅದು ಮುಟ್ಟಲಿಲ್ಲ. ಅರ್ಜಿ ಸ್ವೀಕರಿಸುವಾಗ ಒಂದು ಸಂಖ್ಯೆ ಕೊಟ್ಟು ಗಡಿಯಾರ ಕಟ್ಟಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಚಾಲ್ತಿ ವ್ಯವಸ್ಥೆಯನ್ನು ನಿಲ್ಲಿಸದೆ ಬದಲಿಸುವ ಕಡಿಮೆ ಅಪಾಯದ ದಾರಿ ಇದು. ಕಾವೇರಿ 2.0 ನೋಂದಣಿ ತಂತ್ರಾಂಶವನ್ನು 2023ರಲ್ಲಿ ಉಪನೋಂದಣಿ ಕಚೇರಿಗಳಿಗೆ ಹಂತಹಂತವಾಗಿ ತಂದದ್ದು ಮತ್ತೊಂದು ದಾರಿ: ಒಂದಷ್ಟು ಕಾಲ ಹಳೆಯದೂ ಹೊಸದೂ ರಾಜ್ಯದಲ್ಲಿ ಅಕ್ಕಪಕ್ಕ ನಡೆದವು.

ಈಚಿನ ವರ್ಷಗಳಲ್ಲಿ ಕಂದಾಯ ಇಲಾಖೆಯ ಗಮನ ದಾಖಲೆಯೊಳಗಿನ ಖಾಲಿ ಜಾಗಗಳ ಕಡೆ ತಿರುಗಿದೆ. ಪಹಣಿಗೆ ಆಧಾರ್ ಜೋಡಣೆ ನಡೆಯುತ್ತಿದೆ. ತೀರಿಹೋದವರ ಹೆಸರಿನಲ್ಲೇ ಉಳಿದ ಖಾತೆಗಳನ್ನು ವಾರಸುದಾರರಿಗೆ ದಾಟಿಸುವ ಇ-ಪೌತಿ ಆಂದೋಲನ 2025ರಲ್ಲಿ ಶುರುವಾಯಿತು. ಮ್ಯುಟೇಶನ್ ಅರ್ಜಿಯೇ ಹಾಕದ ಇಂಥ ಕುಟುಂಬಗಳ ಹೆಸರಿನಲ್ಲಿ ಚಾಲ್ತಿ ಕಡತ ಎಂಬುದು ಇರಲೇ ಇಲ್ಲ. ಆಕ್ಷೇಪಣೆಯ ಅವಧಿ 30 ದಿನವಿದ್ದರೂ 7 ದಿನವಾದರೂ ಅವರ ಪಹಣಿಯ 9ನೇ ಕಾಲಂ ಅಜ್ಜನ ಹೆಸರಿನಲ್ಲೇ ಮುದ್ರಣವಾಗುತ್ತ ಬಂದಿತ್ತು. ಅಲ್ಲಿ ಗ್ರಾಮ ಆಡಳಿತ ಅಧಿಕಾರಿ ಮನೆಬಾಗಿಲಿಗೆ ಹೋಗಿ ವಂಶವೃಕ್ಷ ಬರೆದುಕೊಂಡ ಮೇಲಷ್ಟೇ ಗಣಕದಲ್ಲಿ ಒಂದು ಕಡತ ಹುಟ್ಟುತ್ತದೆ.